ಉಪ್ಪು ನೀರಿನಲ್ಲಿ ಮೊಳಕೆ: ಬೀಜದ ಪರೀಕ್ಷೆ, ಸಸಿಯ ಪರೀಕ್ಷೆ

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ಕರ್ಜಗಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಉರ್ದು, ಕನ್ನಡ ಪಾಠ ಮಾಡುವವರಿಗೆ ಬೀಜ, ಮೊಳಕೆ, ಉಪ್ಪಿನ ವಿಷಯ ಯಾಕೆ ಬೇಕು ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ನಮ್ಮದು ಬೀಜದ ಸೀಮೆ. ರಾಣೆಬೆನ್ನೂರಿನ ಸುತ್ತಮುತ್ತ ಹೈಬ್ರಿಡ್ ಬೀಜೋತ್ಪಾದನೆಯೇ ಎಷ್ಟೋ ಮನೆಗಳ ಅನ್ನ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಹಾನಗಲ್ಲಿನ ಕಡೆ ಭತ್ತ, ನಮ್ಮ ಕಡೆ ಗೋವಿನಜೋಳ, ಹತ್ತಿ. ನನ್ನ ತರಗತಿಯಲ್ಲಿ ಕುಳಿತುಕೊಳ್ಳುವ ಮಕ್ಕಳಲ್ಲಿ ಹೆಚ್ಚಿನವರು ಹೊಲ ಇದ್ದವರ ಅಥವಾ ಹೊಲದಲ್ಲಿ ದುಡಿಯುವವರ ಮಕ್ಕಳು. ಆದ್ದರಿಂದ ಈ ವಿಷಯ ನಮಗೆ ಹೊರಗಿನದಲ್ಲ.

ಮುಂಗಾರಿನ ಹೊತ್ತಿಗೆ ತಾವು ಬೀಜದ ಚೀಲ ತಂದಾಗ ಅದಕ್ಕೆ ಹೊಲಿದ ಚೀಟಿಯನ್ನು ಓದಿದ್ದೀರಾ? ಅದರಲ್ಲಿ ಮೊಳಕೆಯ ಪ್ರಮಾಣವನ್ನು ಬರೆದಿರುತ್ತಾರೆ. ಪ್ರಮಾಣಿತ ಬೀಜವೆನಿಸಿಕೊಳ್ಳಲು ಭತ್ತದ ನೂರು ಕಾಳಿನಲ್ಲಿ ಕನಿಷ್ಠ 80 ಮೊಳೆಯಬೇಕು, ಮೆಣಸಿನಕಾಯಿಯ ನೂರು ಬೀಜದಲ್ಲಿ ಕನಿಷ್ಠ 60 ಮೊಳೆಯಬೇಕು. ಆದರೆ ಒಂದು ಮಾತನ್ನು ಗಮನಿಸಿ. ಪ್ರಯೋಗಾಲಯದಲ್ಲಿ ಆ ಬೀಜವನ್ನು ಮೊಳೆಯಿಸುವುದು ಶುದ್ಧ ನೀರಿನಲ್ಲಿ. ನಮ್ಮ ಹೊಲದ ಮಣ್ಣು, ನಮ್ಮ ಬೋರ್‌ವೆಲ್ಲಿನ ನೀರು ಅಷ್ಟು ಶುದ್ಧವಾಗಿರುತ್ತದೆಯೇ? ಬೀಜ ಹುಟ್ಟದಿದ್ದರೆ ನಾವು ಅಂಗಡಿಯವನನ್ನು ಬೈಯುತ್ತೇವೆ. ಹುಟ್ಟಿದ ಮೇಲೆ ಸತ್ತರೆ ನಸೀಬನ್ನು ಬೈಯುತ್ತೇವೆ. ಎಷ್ಟೋ ಸಲ ಇವೆರಡರ ನಡುವೆ ಉಪ್ಪು ಸದ್ದಿಲ್ಲದೆ ಕುಳಿತಿರುತ್ತದೆ.

ಇಂದು ನಾನು ಹೇಳಬೇಕೆಂದಿರುವುದು ಇಷ್ಟೆ. ಉಪ್ಪಿನ ನೆಲದಲ್ಲಿ ಗಿಡಕ್ಕೆ ಎರಡು ಪರೀಕ್ಷೆಗಳಿವೆ. ಮೊಳಕೆ ಒಡೆಯುವುದು ಮೊದಲನೆಯದು. ಸಸಿಯಾಗಿ ನಿಲ್ಲುವುದು ಎರಡನೆಯದು. ಮೊದಲನೆಯದರಲ್ಲಿ ಪಾಸಾದವೆಲ್ಲ ಎರಡನೆಯದರಲ್ಲಿ ಪಾಸಾಗುವುದಿಲ್ಲ. ಇದನ್ನು ನಮಗೆ ಚೆನ್ನಾಗಿ ಕಲಿಸಿಕೊಡುವವು ನೀರಿನಲ್ಲಿಯೇ ಬದುಕುವ ಸಸ್ಯಗಳು. ಏಕೆಂದರೆ ನೀರು ಕೆಟ್ಟರೆ ಅವುಗಳಿಗೆ ಓಡಿಹೋಗಲು ಬೇರೆ ಜಾಗವಿಲ್ಲ.

ಖಾರ, ಖಾರಾ ಮತ್ತು ಸವಳು

ಮೊದಲು ಒಂದೆರಡು ಶಬ್ದಗಳು. ಕನ್ನಡದಲ್ಲಿ ನಾವು 'ಖಾರ' ಎಂದರೆ ಮೆಣಸಿನಕಾಯಿ ನೆನಪಾಗುತ್ತದೆ. ಉರ್ದುವಿನಲ್ಲಿ 'ಖಾರಾ ಪಾನಿ' ಎಂದರೆ ಉಪ್ಪು ನೀರು. ಎರಡೂ ಶಬ್ದಗಳು ಸಂಸ್ಕೃತದ 'ಕ್ಷಾರ'ದಿಂದ ಬಂದವು. ಕನ್ನಡದಲ್ಲಿಯೂ 'ಸೋಡಾಖಾರ' ಎನ್ನುವಾಗ ಹಳೆಯ ಅರ್ಥ ಉಳಿದುಕೊಂಡಿದೆ. ನಮ್ಮ ರೈತರು ಉಪ್ಪು ತುಂಬಿದ ನೆಲವನ್ನು 'ಸವಳು' ಎನ್ನುತ್ತಾರೆ, ನೀರು ನಿಂತು ಕೊಳೆಯುವ ನೆಲವನ್ನು 'ಜವಳು' ಎನ್ನುತ್ತಾರೆ. ಸವಳು-ಜವಳು ಎಂದು ಜೋಡಿಯಾಗಿಯೇ ಹೇಳುವುದರಲ್ಲಿ ಅನುಭವವಿದೆ. ಜವಳು ಬಂದಲ್ಲಿ ಸವಳು ಹಿಂದಿನಿಂದ ಬರುತ್ತದೆ.

ವಿಜ್ಞಾನಿಗಳು ಇದನ್ನು ನಾಲಿಗೆಯಿಂದ ಅಳೆಯುವುದಿಲ್ಲ, ವಿದ್ಯುತ್ತಿನಿಂದ ಅಳೆಯುತ್ತಾರೆ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಈ ಅಳತೆಗೆ ವಿದ್ಯುತ್ ವಾಹಕತೆ ಎಂದು ಹೆಸರು. ಮಣ್ಣು ಪರೀಕ್ಷೆಯ ಕಾಗದದಲ್ಲಿ 'ಇ.ಸಿ.' ಎಂದು ಬರೆದಿರುತ್ತದೆ. ಅದರ ಮಾನ ಪ್ರತಿ ಮೀಟರಿಗೆ ಇಷ್ಟು ಡೆಸಿಸೀಮನ್ಸ್ ಎಂದು. ಒಂದು ಲೀಟರ್ ನೀರಿನಲ್ಲಿ ಅರ್ಧ ಗ್ರಾಂಗಿಂತ ತುಸು ಹೆಚ್ಚು ಉಪ್ಪು ಕರಗಿದ್ದರೆ ಸುಮಾರು 1 ಎಂದು ಬರುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿದ್ದು, ಅದರ ಅಂಕಿ 50ರ ಆಸುಪಾಸಿನಲ್ಲಿರುತ್ತದೆ. ಮಣ್ಣಿನ ರಸದಲ್ಲಿ ಈ ಅಂಕಿ 4 ದಾಟಿದರೆ ಅದನ್ನು ಲವಣಯುಕ್ತ ಭೂಮಿ ಎಂದು ಕರೆಯುತ್ತಾರೆ.

ಬೀಜ ನೀರು ಕುಡಿಯುವ ಬಗೆ

ಒಣಗಿದ ಬೀಜ ಸತ್ತಿಲ್ಲ, ಮಲಗಿದೆ. ಅದನ್ನು ಎಬ್ಬಿಸುವುದು ನೀರು. ಬೀಜ ನೀರನ್ನು ಹೀರಿ ಉಬ್ಬುತ್ತದೆ. ಒಳಗಿನ ಕಿಣ್ವಗಳು ಕೆಲಸ ಶುರುಮಾಡಿ, ಕೂಡಿಟ್ಟ ಹಿಟ್ಟನ್ನು ಸಕ್ಕರೆಯಾಗಿ ಕರಗಿಸಿ ಎಳೆಯ ಮೊಳಕೆಗೆ ಉಣಿಸುತ್ತವೆ. ಆ ಮೇಲೆ ಸಿಪ್ಪೆ ಸೀಳಿಕೊಂಡು ಮೊದಲು ಬೇರಿನ ತುದಿ ಹೊರಬರುತ್ತದೆ.

ಸುತ್ತಲಿನ ನೀರಿನಲ್ಲಿ ಉಪ್ಪು ಇದ್ದರೆ ಏನಾಗುತ್ತದೆ? ಉಪ್ಪಿನಕಾಯಿ ಹಾಕುವುದನ್ನು ನೋಡಿದವರಿಗೆ ಇದು ತಾನಾಗಿ ತಿಳಿಯುತ್ತದೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಭರಣಿಯಲ್ಲಿ ನೀರು ಬಿಟ್ಟಿರುತ್ತದೆ. ಉಪ್ಪು ಹೋಳಿನೊಳಗಿನ ನೀರನ್ನು ಹೊರಗೆ ಎಳೆಯಿತು. ಅದೇ ರೀತಿ ಮಣ್ಣಿನಲ್ಲಿ ಉಪ್ಪು ಹೆಚ್ಚಾದಾಗ ಅದು ನೀರನ್ನು ತನ್ನ ಕಡೆ ಹಿಡಿದುಕೊಳ್ಳುತ್ತದೆ. ಬೀಜದ ಸುತ್ತ ನೀರು ತುಂಬಿದ್ದರೂ ಬೀಜಕ್ಕೆ ಕುಡಿಯಲು ಸಿಗುವುದಿಲ್ಲ. 'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಎಂಬುದು ನಮ್ಮ ಗಾದೆ. ಬೀಜದ ಪಾಡು ಅದಕ್ಕಿಂತ ಕಷ್ಟದ್ದು. ನೀರಿನಲ್ಲಿ ಮುಳುಗಿದ್ದೂ ಅದು ಬಾಯಾರಿರುತ್ತದೆ.

ಇದು ಉಪ್ಪಿನ ಮೊದಲನೆಯ ಪೆಟ್ಟು, ಬಾಯಾರಿಕೆ. ಎರಡನೆಯ ಪೆಟ್ಟು ವಿಷದ್ದು. ಅಡಿಗೆ ಉಪ್ಪು ಕರಗಿದಾಗ ಸೋಡಿಯಂ ಮತ್ತು ಕ್ಲೋರೈಡ್ ಎಂದು ಎರಡಾಗುತ್ತದೆ. ಇವು ಜೀವಕೋಶದೊಳಗೆ ನುಗ್ಗಿ ಕೂಡಿಕೊಂಡರೆ ಕಿಣ್ವಗಳ ಕೆಲಸ ಕೆಡುತ್ತದೆ. ಅದರಲ್ಲೂ ಸೋಡಿಯಂ, ಗಿಡಕ್ಕೆ ಬೇಕಾದ ಪೊಟ್ಯಾಸಿಯಂನ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಬಾಯಾರಿಕೆಯ ಪೆಟ್ಟು ಕೂಡಲೇ ಬೀಳುತ್ತದೆ. ವಿಷದ ಪೆಟ್ಟು ದಿನ ಕಳೆದಂತೆ, ಎಲೆಗಳಲ್ಲಿ ಉಪ್ಪು ಶೇಖರವಾದಂತೆ ಬೀಳುತ್ತದೆ.

ಉಪ್ಪು ನೀರಿನಲ್ಲಿ ಮೊಳೆಯದೇ ಉಳಿದ ಬೀಜ ಯಾವ ಪೆಟ್ಟು ತಿಂದಿದೆ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಅದನ್ನು ತೊಳೆದು ಸಿಹಿ ನೀರಿನಲ್ಲಿ ಇಡಬೇಕು. ಈಗ ಮೊಳೆತರೆ ಅದು ಬಾಯಾರಿ ಸುಮ್ಮನೆ ಕಾಯುತ್ತಿತ್ತು ಎಂದರ್ಥ. ಆಗಲೂ ಮೊಳೆಯದಿದ್ದರೆ ಉಪ್ಪು ಅದನ್ನು ಒಳಗಿನಿಂದಲೇ ಕೆಡಿಸಿರುವ ಸಂಭವ ಹೆಚ್ಚು. ಉಪ್ಪಿನ ನೆಲಕ್ಕೇ ಒಗ್ಗಿದ ಸಸ್ಯಗಳ ಬೀಜಗಳು ಈ ಕಾಯುವ ವಿದ್ಯೆಯಲ್ಲಿ ನಿಪುಣ. ಉಪ್ಪು ಇರುವವರೆಗೆ ಮಲಗಿರುತ್ತವೆ, ಮಳೆ ಬಂದು ಉಪ್ಪು ಇಳಿದ ಮೇಲೆ ಏಳುತ್ತವೆ.

ಭತ್ತ ಕಲಿಸುವ ಪಾಠ

ನೀರಿನ ಬೆಳೆಗಳಲ್ಲಿ ನಮಗೆಲ್ಲ ಗೊತ್ತಿರುವುದು ಭತ್ತ. ಭತ್ತದ ಸ್ವಭಾವ ವಿಚಿತ್ರವಾದದ್ದು. ಮೊಳಕೆ ಒಡೆಯುವಾಗ ಅದು ಉಪ್ಪನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಒಂದು ಲೀಟರಿಗೆ 5-6 ಗ್ರಾಂ ಉಪ್ಪಿರುವ ನೀರಿನಲ್ಲಿಯೂ ಅನೇಕ ತಳಿಗಳ ಕಾಳುಗಳು, ಒಂದೆರಡು ದಿನ ತಡವಾದರೂ, ಮೊಳೆಯುತ್ತವೆ. ಅದನ್ನು ಕಂಡು ಬೀಜ ಗಟ್ಟಿಯಾಗಿದೆ ಎಂದು ಹಿಗ್ಗಿದರೆ ಮೋಸ ಹೋಗುತ್ತೇವೆ. ಎರಡು-ಮೂರು ಎಲೆ ಬರುವ ಹೊತ್ತಿಗೆ ಅದೇ ಭತ್ತ ಬಹಳ ನಾಜೂಕಾಗುತ್ತದೆ. ಬೀಜದಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿ ಆಗ ಮುಗಿದಿರುತ್ತದೆ. ಬೇರು ಇನ್ನೂ ಎಳೆಯದು, ಉಪ್ಪನ್ನು ಸೋಸಿ ಹೊರಗಿಡುವ ಶಕ್ತಿ ಬಂದಿರುವುದಿಲ್ಲ. ಎಲೆಯ ತುದಿ ಬೆಳ್ಳಗಾಗಿ, ಸುರುಳಿ ಸುತ್ತಿ, ಸಸಿ ಒಣಗುತ್ತದೆ.

ಈ ಹಂತ ದಾಟಿ ತೆಂಡೆ ಒಡೆಯುವಾಗ ಗಿಡ ಮತ್ತೆ ಗಟ್ಟಿಯಾಗುತ್ತದೆ. ತೆನೆ ಕಟ್ಟಿ ಹೂವಾಡುವ ಕಾಲಕ್ಕೆ ಇನ್ನೊಮ್ಮೆ ನಾಜೂಕು. ಅಂದರೆ ಒಂದೇ ಗಿಡಕ್ಕೆ ನಾಲ್ಕು ವಯಸ್ಸಿನಲ್ಲಿ ನಾಲ್ಕು ಬಗೆಯ ಬಲ. ಆದ್ದರಿಂದ 'ಈ ತಳಿ ಉಪ್ಪು ತಡೆಯುತ್ತದೆಯೇ?' ಎಂಬ ಪ್ರಶ್ನೆ ಅರ್ಧ ಪ್ರಶ್ನೆ. 'ಯಾವ ವಯಸ್ಸಿನಲ್ಲಿ ತಡೆಯುತ್ತದೆ?' ಎಂದು ಕೇಳಿದಾಗ ಅದು ಪೂರ್ತಿಯಾಗುತ್ತದೆ.

ವಿಜ್ಞಾನಿಗಳೂ ಇದನ್ನೇ ಬೆನ್ನಟ್ಟಿದ್ದಾರೆ. ಕೇರಳದ ಕರಾವಳಿಯಲ್ಲಿ ಪೊಕ್ಕಾಳಿ ಎಂಬ ಹಳೆಯ ಭತ್ತವಿದೆ. ಅದರ ವರ್ಣತಂತುವಿನ ಒಂದು ಭಾಗಕ್ಕೆ 'ಸಾಲ್ಟಾಲ್' ಎಂದು ಹೆಸರಿಟ್ಟು, ಅದನ್ನು ಇಂದಿನ ತಳಿಗಳಿಗೆ ಸೇರಿಸುವ ಕೆಲಸ ಹಲವು ದೇಶಗಳಲ್ಲಿ ನಡೆದಿದೆ. ಆ ಭಾಗ ಮಾಡುವ ಮುಖ್ಯ ಉಪಕಾರ ಸಸಿಯ ಹಂತದ್ದು. ಎಲೆಗಳಿಗೆ ಸೋಡಿಯಂ ಏರದಂತೆ ತಡೆದು, ಪೊಟ್ಯಾಸಿಯಂ ಉಳಿಸಿಕೊಳ್ಳಲು ಎಳೆಯ ಗಿಡಕ್ಕೆ ಅದು ಸಹಾಯ ಮಾಡುತ್ತದೆ. ಜಗತ್ತಿನ ಪ್ರಯೋಗಾಲಯಗಳು ಹುಡುಕಿಕೊಂಡು ಬಂದದ್ದು ನಮ್ಮ ಕರಾವಳಿಯ ಬಡ ರೈತರು ತಲೆಮಾರುಗಳಿಂದ ಕಾಪಾಡಿದ ಬೀಜವನ್ನು ಎಂಬುದನ್ನು ಮರೆಯಬಾರದು.

ಘಟ್ಟದ ಆಚೆಗಿನ ಗಜನಿ

ಅಂಥದೇ ಬೀಜ ನಮ್ಮ ಕರ್ನಾಟಕದಲ್ಲಿಯೂ ಇದೆ. ಅದನ್ನು ನೋಡಲು ಇಲ್ಲಿಂದ ಬಹಳ ದೂರ ಹೋಗಬೇಕಿಲ್ಲ. ನಮ್ಮ ಸೀಮೆಯಲ್ಲಿ ಹರಿಯುವ ವರದೆ ಸಾಗರ ತಾಲೂಕಿನ ವರದಾಮೂಲದಲ್ಲಿ ಹುಟ್ಟಿ, ಶಿರಸಿ ತಾಲೂಕಿನ ಬನವಾಸಿಯನ್ನು ಬಳಸಿ, ಪೂರ್ವಕ್ಕೆ ಬಂದು ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಸೇರುತ್ತಾಳೆ. ಅದೇ ಶಿರಸಿಯ ನೆಲದಲ್ಲಿ ಹುಟ್ಟುವ ಅಘನಾಶಿನಿ ಪಶ್ಚಿಮಕ್ಕೆ ತಿರುಗಿ, ಘಟ್ಟ ಇಳಿದು, ಕುಮಟಾ ತಾಲೂಕಿನಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ಶಿರಸಿಯ ಒಂದೇ ಮಳೆಯ ಒಂದು ಪಾಲು ನಮ್ಮ ಕಡೆ ಬರುತ್ತದೆ, ಇನ್ನೊಂದು ಪಾಲು ಉಪ್ಪಿನ ಕಡೆ ಹೋಗುತ್ತದೆ.

ಅಘನಾಶಿನಿ ಸಮುದ್ರ ಸೇರುವಲ್ಲಿ ಸಿಹಿ ನೀರು ಉಪ್ಪು ನೀರು ಎರಡೂ ಕಲೆಯುವ ವಿಶಾಲವಾದ ಅಳಿವೆ ಇದೆ. 2024ರಲ್ಲಿ ಇದನ್ನು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಆಗಲೇ ನಮ್ಮ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಆ ಪಟ್ಟಿಗೆ ಸೇರಿತು. ಅಳಿವೆಯ ಅಂಚಿನಲ್ಲಿ, ಒಡ್ಡು ಕಟ್ಟಿ ಹದ ಮಾಡಿಕೊಂಡ ತಗ್ಗು ಗದ್ದೆಗಳನ್ನು 'ಗಜನಿ' ಎನ್ನುತ್ತಾರೆ. ಗೋವೆಯಲ್ಲಿ ಇಂಥ ಭೂಮಿಗೆ 'ಖಜಾನ್' ಎಂದು, ಕೇರಳದ ಕಣ್ಣೂರಿನ ಕಡೆ 'ಕೈಪಾಡ್' ಎಂದು ಹೆಸರು. ಮಾಣಿಕಟ್ಟಾದಂಥ ಊರುಗಳ ಗಜನಿಗಳಲ್ಲಿ ಬೆಳೆಯುವ ಭತ್ತವೇ ಕಗ್ಗ.

ಕಗ್ಗ ಎತ್ತರಕ್ಕೆ ಬೆಳೆಯುವ ಭತ್ತ. ನೆರೆ ಬಂದು ಕೆಲವು ದಿನ ಮುಳುಗಿದರೂ ಸುಲಭಕ್ಕೆ ಸಾಯುವುದಿಲ್ಲ. ಗೊಬ್ಬರ, ಔಷಧ ಬೇಡುವುದಿಲ್ಲ. ಇಷ್ಟು ಗಟ್ಟಿಯಾದ ಬೀಜವನ್ನೂ ಅಲ್ಲಿಯ ರೈತರು ಉಪ್ಪಿನ ಬಾಯಿಗೆ ನೇರವಾಗಿ ಹಾಕುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಬೇಸಿಗೆಯಲ್ಲಿ ಗಜನಿಯ ಮಣ್ಣು ಉಪ್ಪಾಗಿರುತ್ತದೆ. ಮುಂಗಾರಿನ ಮಳೆ ಬಿದ್ದು, ನದಿ ತುಂಬಿ, ಸಿಹಿ ನೀರು ಮಣ್ಣನ್ನು ತೊಳೆಯುತ್ತದೆ. ಒಡ್ಡಿನ ಬಾಗಿಲಿನಿಂದ ಉಪ್ಪು ನೀರನ್ನು ಹೊರಗೆ ಬಿಡುತ್ತಾರೆ, ಭರತದ ನೀರು ಒಳಗೆ ನುಗ್ಗದಂತೆ ತಡೆಯುತ್ತಾರೆ. ಬೀಜವನ್ನು ಮೊದಲೇ ನೆನೆಸಿ ಮೊಳಕೆ ಬರಿಸಿ, ಆ ಮೇಲೆ ಕೆಸರಿನಲ್ಲಿ ಬಿತ್ತುತ್ತಾರೆ. ಅಂದರೆ ಮೊದಲ ಪರೀಕ್ಷೆ ಮನೆಯಲ್ಲಿ ಸಿಹಿ ನೀರಿನಲ್ಲಿಯೇ ಮುಗಿದಿರುತ್ತದೆ. ಎರಡನೆಯ ಪರೀಕ್ಷೆಯ ಹೊತ್ತಿಗೆ ಮಳೆಗಾಲ ಭರದಲ್ಲಿರುತ್ತದೆ. ಮಳೆ ಹಿಂದೆ ಸರಿದು ಅಳಿವೆಗೆ ಉಪ್ಪು ಮರಳಿ ಏರುವ ಹೊತ್ತಿಗೆ ತೆನೆ ಮಾಗುತ್ತಿರುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲಿಯೇ ಬಿಡುತ್ತಾರೆ. ಅದು ಕೊಳೆತು ಮೀನು, ಸಿಗಡಿಗಳಿಗೆ ಆಹಾರವಾಗುತ್ತದೆ.

ಕೇರಳದ ಪೊಕ್ಕಾಳಿ ರೈತರ ಜಾಣ್ಮೆಯೂ ಇದೇ ಬಗೆಯದು. ಅವರು ಮಳೆಗಾಲಕ್ಕೆ ಮುಂಚೆ ಗದ್ದೆಯ ಮಣ್ಣನ್ನು ಸಣ್ಣ ಸಣ್ಣ ಗುಪ್ಪೆಗಳಾಗಿ ಏರಿಸುತ್ತಾರೆ. ಮಳೆಯ ನೀರು ಗುಪ್ಪೆಯ ತಲೆಯಿಂದ ಉಪ್ಪನ್ನು ತೊಳೆದು ಕೆಳಗಿಳಿಸುತ್ತದೆ. ಮೊಳಕೆ ಬರಿಸಿದ ಬೀಜವನ್ನು ಆ ತಲೆಯ ಮೇಲೆ ಬಿತ್ತುತ್ತಾರೆ. ಸುಮಾರು ಒಂದು ತಿಂಗಳಾದ ಮೇಲೆ ಗುಪ್ಪೆಯನ್ನು ಒಡೆದು ಸಸಿಗಳನ್ನು ಸುತ್ತಲೂ ಹರಡುತ್ತಾರೆ. ಉಪ್ಪು ತಡೆಯುವ ಗುಣಕ್ಕೆ ಜಗತ್ತಿನಲ್ಲಿ ಹೆಸರಾದ ತಳಿಗೂ ಎಳೆತನದಲ್ಲಿ ಒಂದು ತಿಂಗಳ ಆಸರೆ ಬೇಕು.

ತಾಯಿಯ ಮೇಲೆಯೇ ಮೊಳೆಯುವ ಕಾಂಡ್ಲಾ

ಅದೇ ಅಳಿವೆಯ ಕೆಸರಿನಲ್ಲಿ ಕಾಂಡ್ಲಾ ಗಿಡಗಳಿವೆ. ಇವು ದಿನಕ್ಕೆ ಎರಡು ಸಲ ಭರತದ ಉಪ್ಪು ನೀರಿನಲ್ಲಿ ಕಾಲಿಟ್ಟು ನಿಲ್ಲುತ್ತವೆ. ಅಲ್ಲಿ ಬಿದ್ದ ಬೀಜಕ್ಕೆ ಸಿಹಿ ನೀರಿನ ಭರವಸೆ ಇಲ್ಲ, ನಿಲ್ಲಲು ಗಟ್ಟಿ ನೆಲವೂ ಇಲ್ಲ. ಆದ್ದರಿಂದ ಅವುಗಳಲ್ಲಿ ರೈಝೊಫೊರಾ ಜಾತಿಯ ಕಾಂಡ್ಲಾ ಬೀಜವನ್ನು ಉದುರಿಸುವುದೇ ಇಲ್ಲ. ಬೀಜ ಮರದ ಮೇಲೆ, ಕಾಯಿಯಲ್ಲಿದ್ದಾಗಲೇ ಮೊಳೆಯುತ್ತದೆ. ಉದ್ದನೆಯ ಹಸಿರು ನುಗ್ಗೆಕಾಯಿಯ ಹಾಗೆ ಮೊಳಕೆ ಕೆಳಮುಖವಾಗಿ ತೂಗುತ್ತದೆ. ತಿಂಗಳುಗಟ್ಟಲೆ ತಾಯಿಯ ಆಹಾರ ಉಂಡು ಬಲಿತ ಮೇಲೆ ಕಳಚಿ ಬೀಳುತ್ತದೆ. ಒಂದೋ ಕೆಸರಿನಲ್ಲಿ ನಾಟಿಕೊಳ್ಳುತ್ತದೆ, ಇಲ್ಲವೇ ನೀರಿನಲ್ಲಿ ತೇಲಿ ಬೇರೆ ದಡ ಸೇರುತ್ತದೆ.

ತಾಯಿಗಿಡದ ಎಲೆಗಳಲ್ಲಿ ಉಪ್ಪು ಸಾಕಷ್ಟಿದ್ದರೂ ಈ ಮೊಳಕೆಯಲ್ಲಿ ಉಪ್ಪು ಕಡಿಮೆ ಇರುತ್ತದೆ. ಕೂಸಿಗೆ ಕಳಿಸುವ ಆಹಾರದಲ್ಲಿ ಉಪ್ಪನ್ನು ತಡೆಯುವ ವ್ಯವಸ್ಥೆ ತಾಯಿಯಲ್ಲಿದೆ. ಇನ್ನೂ ಒಂದು ಸಂಗತಿ. ಕಾಂಡ್ಲಾ ಉಪ್ಪಿನ ಗಿಡವೆಂದು ಹೆಸರಾದರೂ ಅದರ ಸಸಿಗಳು ಚೆನ್ನಾಗಿ ಬೆಳೆಯುವುದು ಪೂರ್ತಿ ಸಮುದ್ರದ ನೀರಿನಲ್ಲಲ್ಲ. ಸಮುದ್ರದ ಉಪ್ಪಿನ ಕಾಲು ಭಾಗದಿಂದ ಅರ್ಧ ಭಾಗದಷ್ಟಿರುವ ಕಲಬೆರಕೆ ನೀರಿನಲ್ಲಿ ಅನೇಕ ಜಾತಿಗಳ ಸಸಿಗಳು ಹುಲುಸಾಗಿ ಬೆಳೆಯುತ್ತವೆ.

ಸಮುದ್ರದೊಳಗೇ ಮುಳುಗಿ ಬೆಳೆಯುವ ಝೋಸ್ಟೆರಾ ಎಂಬ ಕಡಲಹುಲ್ಲಿನಲ್ಲಿಯೂ ವಿಜ್ಞಾನಿಗಳು ಇದನ್ನೇ ಕಂಡಿದ್ದಾರೆ. ಉಪ್ಪು ತಗ್ಗಿದ ನೀರಿನಲ್ಲಿ ಅದರ ಬೀಜಗಳು ಹೆಚ್ಚು ಮೊಳೆಯುತ್ತವೆ, ಆದರೆ ಸಸಿ ಬೆಳೆಯಲು ಅದಕ್ಕಿಂತ ಹೆಚ್ಚಿನ ಉಪ್ಪು ಬೇಕು. ಬೀಜಕ್ಕೆ ಹಿತವಾದದ್ದು ಸಸಿಗೆ ಹಿತವಾಗದು. ಮತ್ತೆ ಅದೇ ಎರಡು ಪರೀಕ್ಷೆಗಳು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಕೆರೆಗಳನ್ನು ಮುಚ್ಚಿಬಿಡುವ, ನೇರಳೆ ಹೂವಿನ ತೇಲುಕಳೆಯನ್ನು ತಾವೆಲ್ಲ ನೋಡಿದ್ದೀರಿ. ಅದು ಸಿಹಿ ನೀರಿನ ಗಿಡ, ಉಪ್ಪನ್ನು ತಾಳುವುದಿಲ್ಲ. ಕೇರಳದ ವೆಂಬನಾಡು ಸರೋವರದಲ್ಲಿ ಬೇಸಿಗೆಯ ಉಪ್ಪು ನೀರು ಈ ಕಳೆಯನ್ನು ತಾನಾಗಿಯೇ ಹತೋಟಿಯಲ್ಲಿಡುತ್ತಿತ್ತು. ಭತ್ತಕ್ಕೆ ಉಪ್ಪು ತಾಗದಿರಲೆಂದು 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂ ಒಡ್ಡು ಕಟ್ಟಿದ ಮೇಲೆ, ಒಡ್ಡಿನ ಒಳಗಿನ ನೀರಿನಲ್ಲಿ ಕಳೆ ವಿಪರೀತ ಹಬ್ಬಿತು. ಉಪ್ಪು ಎಲ್ಲ ಕಡೆಯೂ ವೈರಿಯಲ್ಲ. ತನ್ನ ಜಾಗದಲ್ಲಿ ಅದು ಕಾವಲುಗಾರ. ನಮ್ಮ ಹೊಲ ಅದರ ಜಾಗವಲ್ಲ, ಅಷ್ಟೆ.

ನಮ್ಮ ಹೊಲಕ್ಕೆ ಬಂದರೆ

ಸಮುದ್ರ ಇಲ್ಲದ ನಾಡಿಗೆ ಉಪ್ಪು ಎಲ್ಲಿಂದ ಬರುತ್ತದೆ? ನಾವೇ ತರುತ್ತೇವೆ. ಪ್ರತಿಯೊಂದು ನೀರಿನಲ್ಲಿಯೂ ಸ್ವಲ್ಪ ಲವಣವಿರುತ್ತದೆ. ಬೆಳೆ ನೀರನ್ನು ಕುಡಿಯುತ್ತದೆ, ಬಿಸಿಲು ನೀರನ್ನು ಒಯ್ಯುತ್ತದೆ, ಲವಣ ಮಾತ್ರ ಮಣ್ಣಿನಲ್ಲಿ ಉಳಿಯುತ್ತದೆ. ಎರೆಭೂಮಿಯಲ್ಲಿ ನೀರು ಕೆಳಗೆ ಬಸಿಯುವುದು ನಿಧಾನ. ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಯಿಸಿದರೆ ಅಂತರ್ಜಲ ಮೇಲೇರಿ, ಒಳಗಿದ್ದ ಉಪ್ಪನ್ನೂ ಹೊತ್ತುಕೊಂಡು ಬರುತ್ತದೆ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಸಿಂಧನೂರು ಕಡೆಯ ಒಣಭೂಮಿ ಹಸಿರಾಯಿತು. ಆದರೆ ಮೇಲಿನ ಭಾಗದ ರೈತರು ಅಲ್ಪ ನೀರಿನ ಬೆಳೆಗಳನ್ನು ಬಿಟ್ಟು ಭತ್ತವನ್ನೇ ಬೆಳೆದಿದ್ದರಿಂದ ಸಾವಿರಾರು ಎಕರೆ ಸವಳು-ಜವಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಸಮಸ್ಯೆಯ ಮೇಲೆಯೇ ಕೆಲಸ ಮಾಡುತ್ತಿದೆ. ನೀರು ಬಂದದ್ದು ಭಾಗ್ಯ. ಬಸಿಗಾಲುವೆ ಇಲ್ಲದೆ ಬಂದದ್ದು ಕಷ್ಟ.

ಬೆಳೆಯಿಂದ ಬೆಳೆಗೆ ತಡೆಯುವ ಶಕ್ತಿ ಬೇರೆ. ಮಣ್ಣಿನ ರಸದ ಇ.ಸಿ. 3 ದಾಟಿದ ಮೇಲೆ ಭತ್ತದ ಇಳುವರಿ ಕುಸಿಯತೊಡಗುತ್ತದೆ. ಗೋವಿನಜೋಳಕ್ಕೆ ಈ ಗಡಿ 1.7, ಮೆಣಸಿನ ಗಿಡಕ್ಕೆ 1.5, ಉಳ್ಳಾಗಡ್ಡಿಗೆ 1.2. ಹತ್ತಿ 7.7ರವರೆಗೂ ತಡೆಯುತ್ತದೆ, ಆದರೆ ಅದೂ ಸಸಿಯಾಗಿ ಮೇಲೇಳುವ ಹಂತದಲ್ಲಿ ನಾಜೂಕೇ. ನೀರಾವರಿಯ ನೀರಿನಲ್ಲಿ ಇ.ಸಿ. 0.7ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 0.7ರಿಂದ 3ರವರೆಗೆ ಎಚ್ಚರಿಕೆ ಬೇಕು. 3ರ ಮೇಲಿದ್ದರೆ ಗಂಭೀರ. ನಮ್ಮ ಬೋರ್‌ವೆಲ್ಲುಗಳು ವರ್ಷದಿಂದ ವರ್ಷಕ್ಕೆ ಆಳಕ್ಕೆ ಹೋಗುತ್ತಿರುವಾಗ ಈ ಅಂಕಿಯನ್ನು ತಿಳಿದುಕೊಳ್ಳದೆ ಬೆಲೆಬಾಳುವ ಬೀಜ ಹಾಕುವುದು ಸರಿಯೇ?

ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ ಹೀಗಿದೆ.

ಒಂದು, ಬಿತ್ತನೆಗೆ ಮುಂಚೆ ಮಣ್ಣಿನ ಜೊತೆಗೆ ನೀರನ್ನೂ ಪರೀಕ್ಷೆ ಮಾಡಿಸಿ. ಮಾಹಿತಿಗೆ ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ಎರಡು, ಒಳ್ಳೆಯ ನೀರು ಸ್ವಲ್ಪವೇ ಇದ್ದರೆ ಅದನ್ನು ಸಸಿಮಡಿಗೆ ಮೀಸಲಿಡಿ. ಬಲಿತ ಗಿಡ ತುಸು ಸವಳು ನೀರನ್ನು ಸಹಿಸೀತು, ಎರಡೆಲೆಯ ಸಸಿ ಸಹಿಸದು.

ಮೂರು, ಸವಳು ಗದ್ದೆಗೆ ಭತ್ತ ನಾಟಿ ಮಾಡುವುದಾದರೆ ತುಸು ಬಲಿತ ಸಸಿ ಹಾಕಿ, ಒಂದು ಗುಣಿಗೆ ಒಂದೆರಡು ಸಸಿ ಹೆಚ್ಚಾಗಿಯೇ ಇಡಿ. ಸಾಧ್ಯವಿದ್ದರೆ ನಾಟಿಗೆ ಮುಂಚೆ ಸಿಹಿ ನೀರು ನಿಲ್ಲಿಸಿ ಬಸಿದು ಬಿಡಿ.

ನಾಲ್ಕು, ಯಾರೋ ಹೇಳಿದರೆಂದು ಜಿಪ್ಸಂ ಸುರಿಯಬೇಡಿ. ಜಿಪ್ಸಂ ಬೇಕಾಗುವುದು ಸೋಡಿಯಂ ಹಿಡಿದು ಮಣ್ಣು ಗಟ್ಟಿಯಾದ ಕ್ಷಾರ ಭೂಮಿಗೆ. ಬರಿ ಉಪ್ಪಿನ ಭೂಮಿಗೆ ಬೇಕಾದದ್ದು ತೊಳೆಯುವ ನೀರು ಮತ್ತು ಬಸಿಗಾಲುವೆ. ಯಾವುದು ನಿಮ್ಮದು ಎಂದು ಪರೀಕ್ಷೆಯೇ ಹೇಳಬೇಕು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಮಕ್ಕಳೇ, ನಾನು ಹೇಳಿದ್ದನ್ನು ಸುಮ್ಮನೆ ನಂಬಬೇಡಿ, ಮಾಡಿ ನೋಡಿ. ಹೆಚ್ಚಿನ ಸಾಮಾನು ಬೇಕಿಲ್ಲ.

ಮುಚ್ಚಳವಿರುವ ಐದು ಡಬ್ಬಿ, ಹತ್ತಿ ಅಥವಾ ಬಿಳಿ ಬಟ್ಟೆ, ಭತ್ತದ 250 ಕಾಳು. ಐದು ಬಾಟಲಿಗಳಲ್ಲಿ ಒಂದೊಂದು ಲೀಟರ್ ನೀರು ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಉಪ್ಪು ಬೇಡ. ಉಳಿದವುಗಳಲ್ಲಿ ಕ್ರಮವಾಗಿ 2, 4, 8 ಮತ್ತು 12 ಗ್ರಾಂ ಉಪ್ಪು ಕರಗಿಸಿ. 4 ಗ್ರಾಂ ಹಾಕಿದ ನೀರಿನ ಇ.ಸಿ. ಸುಮಾರು 7 ಇರುತ್ತದೆ. ಪ್ರತಿ ಡಬ್ಬಿಯಲ್ಲಿ 50 ಕಾಳು ಹರಡಿ, ಆಯಾ ನೀರಿನಿಂದ ಬಟ್ಟೆ ತೋಯಿಸಿ, ಮುಚ್ಚಿಡಿ. ಮುಚ್ಚದಿದ್ದರೆ ನೀರು ಆರಿ ಉಪ್ಪು ಏರಿಬಿಡುತ್ತದೆ, ಲೆಕ್ಕ ತಪ್ಪುತ್ತದೆ.

ದಿನವೂ ಒಂದೇ ಹೊತ್ತಿಗೆ, ಬೇರಿನ ತುದಿ ಕಂಡ ಕಾಳುಗಳನ್ನು ಎಣಿಸಿ ಬರೆಯಿರಿ. ಎಷ್ಟು ಮೊಳೆತವು ಎಂಬುದರ ಜೊತೆಗೆ ಯಾವ ದಿನ ಮೊಳೆತವು ಎಂಬುದನ್ನೂ ಬರೆಯಬೇಕು. ಉಪ್ಪು ಮೊದಲು ತಡ ಮಾಡಿಸುತ್ತದೆ, ಆ ಮೇಲೆ ಸಂಖ್ಯೆ ಕಡಿಮೆ ಮಾಡಿಸುತ್ತದೆ. ಹತ್ತನೆಯ ದಿನ ಪ್ರತಿ ಡಬ್ಬಿಯಿಂದ ಹತ್ತು ಸಸಿ ತೆಗೆದು ಬೇರು ಮತ್ತು ಚಿಗುರನ್ನು ಪಟ್ಟಿಯಿಂದ ಅಳೆಯಿರಿ. ಹದಿನಾಲ್ಕನೆಯ ದಿನ, ಇನ್ನೂ ಮೊಳೆಯದ ಕಾಳುಗಳನ್ನು ತೊಳೆದು ಸಿಹಿ ನೀರಿನಲ್ಲಿಟ್ಟು ಮತ್ತೊಂದು ವಾರ ಕಾಯಿರಿ. ಯಾವುವು ಬಾಯಾರಿದ್ದವು, ಯಾವುವು ಕೆಟ್ಟಿದ್ದವು ಎಂದು ಆಗ ತಿಳಿಯುತ್ತದೆ.

ಪ್ರಯೋಗ ಮುಗಿದಾಗ ನಿಮ್ಮ ಪಟ್ಟಿಯಲ್ಲಿ ಒಂದು ಡಬ್ಬಿ ಹೀಗಿದ್ದೀತು: ಅದರಲ್ಲಿ ಹೆಚ್ಚಿನ ಕಾಳುಗಳು ಮೊಳೆತಿವೆ, ಆದರೆ ಸಸಿಗಳು ಗಿಡ್ಡಗಾಗಿ, ಬೇರು ಮೊಂಡಾಗಿ ನಿಂತಿವೆ. ಆ ಡಬ್ಬಿಯನ್ನು ಮನೆಯ ಹಿರಿಯರಿಗೆ ತೋರಿಸಿ. ಬರೀ ಮೊಳಕೆ ಎಣಿಸಿದವರು ಅದನ್ನು ಪಾಸು ಎನ್ನುತ್ತಾರೆ. ಸಸಿ ಅಳೆದವರಿಗೆ ಮಾತ್ರ ನಿಜ ಗೊತ್ತಾಗುತ್ತದೆ. ಐದು ಡಬ್ಬಿಗಳ ಜೊತೆ ಆರನೆಯದರಲ್ಲಿ ನಿಮ್ಮ ಬೋರ್‌ವೆಲ್ಲಿನ ನೀರು ಹಾಕಿ 50 ಕಾಳು ಇಟ್ಟರಂತೂ ಅದು ನಿಮ್ಮ ಮನೆಗೇ ಉಪಯೋಗ. ಭತ್ತದ ಬದಲು ಹೆಸರುಕಾಳು ಇಟ್ಟು ಹೋಲಿಸಿಯೂ ನೋಡಬಹುದು.

ಉಳಿಸಬೇಕಾದದ್ದು

ಕೊನೆಯದಾಗಿ ಕಗ್ಗದ ಇಂದಿನ ಸ್ಥಿತಿ ಹೇಳಿ ಮುಗಿಸುತ್ತೇನೆ. ಸಿಗಡಿ ಸಾಕಣೆಯಲ್ಲಿ ಹಣ ಹೆಚ್ಚು. ಒಡ್ಡುಗಳು ಒಡೆದರೆ ಕಟ್ಟುವವರಿಲ್ಲ. ಮೊಣಕಾಲು ಕೆಸರಿನಲ್ಲಿ ಇಳಿದು ತೆನೆ ಕೊಯ್ಯಲು ಆಳು ಸಿಗುವುದಿಲ್ಲ. ಹೀಗಾಗಿ ಅನೇಕ ಗಜನಿಗಳಲ್ಲಿ ಕಗ್ಗ ಬಿತ್ತುವುದು ನಿಂತಿದೆ. ಭತ್ತದ ಬೀಜವನ್ನು ಕರಾವಳಿಯ ತೇವದ ಹವೆಯಲ್ಲಿ ವರ್ಷಗಟ್ಟಲೆ ಚೀಲದಲ್ಲಿಟ್ಟು ಕಾಪಾಡಲು ಬರುವುದಿಲ್ಲ. ಅದನ್ನು ಬಿತ್ತಿ ಬೆಳೆದು ಮತ್ತೆ ಬೀಜ ಮಾಡಬೇಕು. ನಾಲ್ಕು ವರ್ಷ ಯಾರೂ ಬಿತ್ತದಿದ್ದರೆ ಎಷ್ಟೋ ತಲೆಮಾರುಗಳ ಗುಣ ಕಳೆದುಹೋಗುತ್ತದೆ. ಸಮುದ್ರದ ಮಟ್ಟ ಏರುತ್ತಿರುವ, ಉಪ್ಪು ನೀರು ಒಳನಾಡಿಗೆ ನುಗ್ಗುತ್ತಿರುವ ಈ ಕಾಲದಲ್ಲಿ ಅಂಥ ಬೀಜವನ್ನು ಕಳೆದುಕೊಳ್ಳುವುದು ಮನೆಗೆ ಬೆಂಕಿ ತಾಗುವಾಗ ಬಾವಿ ಮುಚ್ಚಿದಂತೆ.

ಮೇಲೆ ಕುಳಿತ ಹಿರಿಯರಿಗೂ, ನನ್ನಂಥ ಶಿಕ್ಷಕರಿಗೂ ಇದರಲ್ಲಿ ಒಂದು ಮಾತಿದೆ. ನಮ್ಮ ಮಕ್ಕಳು ಶಾಲೆಗೆ ಹೆಸರು ಹಚ್ಚಿದ ದಿನ ನಾವು ಲೆಕ್ಕ ಬರೆದು ಸಂತೋಷಪಡುತ್ತೇವೆ. ಅದು ಮೊಳಕೆಯ ಲೆಕ್ಕ. ಏಳನೆಯ ತರಗತಿ ಮುಗಿಸಿ ಎಂಟಕ್ಕೆ ಹೋಗುವಾಗ, ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬರುವಾಗ, ಹತ್ತು ಮುಗಿದು ಕೆಲಸದ ಆಸೆ ಎಳೆಯುವಾಗ ಎಷ್ಟು ಜನ ನಿಂತರು ಎಂಬ ಲೆಕ್ಕವನ್ನೂ ಸಂಘ ಬರೆದಿಟ್ಟರೆ ಒಳ್ಳೆಯದು. ಸಿಹಿ ನೀರು ಕಡಿಮೆ ಇದ್ದರೆ ಅದನ್ನು ಆ ವಯಸ್ಸಿಗೆ ಮೀಸಲಿಡೋಣ.

 ಪ್ರಯೋಗ ಮಾಡಿದ ವಿದ್ಯಾರ್ಥಿಗಳು ತಮ್ಮ ಪಟ್ಟಿಯನ್ನು ತಂದು ತೋರಿಸಬೇಕೆಂದು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.